ಹಕ್ಕಿಗಳು ಇಳಿಯುವ ಹೊತ್ತು

ಅಪರಾಹ್ಣದ ಬಿಸಿಲು ಮಾಗಿ ಮೃದುವಾಗಿತ್ತು. ವಿಸ್ತಾರವಾದ ಆ ನದಿ, ಎಲ್ಲೋ ದೂರದ ಪರ್ವತಗಳಲ್ಲಿ ಕುಣಿದು ಕುಪ್ಪಳಿಸಿದ್ದನ್ನೆಲ್ಲ ಮರೆತು, ವಾರ್ಧಕ್ಯದ ಗಾಂಭೀರ್ಯವನ್ನು ತಾಳಿ, ನಡುಗಡ್ಡೆಗಳ ಪಾದಗಳನ್ನು ಸವರುತ್ತ, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನವಾಗಿ ಸಾಗುತ್ತಿತ್ತು. ದಂಡೆಯ ಜೊಂಡಿನಲ್ಲಿ ಗಾಳಿಯ ಪಿಸುಮಾತು. ನೀರಿಗೆ ಬಾಗಿದ ಮರಗಳಲ್ಲಿ ಹಸುರಿನ ನೂರು ಛಾಯೆಗಳು. ಒದ್ದೆ ಬಂಡೆಗಳ ಮೇಲೆ ಬೆಳಕಿನ ನಿಶ್ಶಬ್ದ ನರ್ತನ... ಸಹೃದಯರೇ, ಸೃಷ್ಟಿಯು ತನ್ನ ಸೌಂದರ್ಯಸರ್ವಸ್ವವನ್ನು ಹೀಗೆ ಕೈಬಿಚ್ಚಿ ಚೆಲ್ಲುವಾಗ ತುಂಬಿಕೊಳ್ಳಲು ನಮಗಿರುವುದು ಎರಡೇ ಎರಡು ಕಣ್ಣು! ಆ ದಿನ ಆ ವನ್ಯಧಾಮದ ದೋಣಿಯಲ್ಲಿ ಕುಳಿತಿದ್ದವಳಿಗೆ ಅಷ್ಟೂ ಉಳಿದಿರಲಿಲ್ಲ.

ಅವಳು ಕನ್ನಡಕದ ಅಂಗಡಿಯವನ ಹೆಂಡತಿ. ಪೇಟೆಯ ಇಕ್ಕಟ್ಟು ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಹಿಂದಿನ ಕೋಣೆಯಲ್ಲಿ ಅವನು ಮಸೂರಗಳ ಅಂಚು ಉಜ್ಜುತ್ತ ಕುಳಿತರೆ, ಮುಂದೆ ನಿಂತು ಯಾವ ಮುಖಕ್ಕೆ ಯಾವ ಫ್ರೇಮು ಎಂದು ತೀರ್ಮಾನಿಸುತ್ತಿದ್ದವಳು ಅವಳು. “ಇದು ಬೇಡ, ಗೂಬೆ ಥರ ಕಾಣ್ತೀರ” ಎಂದು ಗಿರಾಕಿಯ ಮುಖಕ್ಕೇ ಹೊಡೆದಂತೆ ಹೇಳುವಳು. ಗಿರಾಕಿ ನಕ್ಕು, ಅವಳು ಹೇಳಿದ್ದನ್ನೇ ಕೊಂಡು ಹೋಗುವನು. ಅಂಗಡಿ ನಡೆಯುತ್ತಿದ್ದದ್ದು ಗಂಡನ ಕೈಯಿಂದಲೋ ಹೆಂಡತಿಯ ಬಾಯಿಂದಲೋ ಎಂದು ಬೀದಿಯವರು ಚೇಷ್ಟೆ ಮಾಡುತ್ತಿದ್ದರು.

ಆಮೇಲೆ ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದಳು. ಚಹದ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟು ಬೀಳಿಸತೊಡಗಿದಳು. “ಕಣ್ಣು ಎಲ್ಲಿಟ್ಟಿದ್ದೀಯೇ?” ಎಂದು ರೇಗಿಸುತ್ತ ಅವನು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಎದುರಿನ ಅಕ್ಷರದ ಹಲಗೆಯನ್ನು ಓದಿಸುತ್ತಿದ್ದ. ಅವಳೋ, ಇರುವೆಯಷ್ಟು ಚಿಕ್ಕದಾದ ಕೊನೆಯ ಸಾಲನ್ನೂ ತಡವರಿಸದೆ ಓದಿಬಿಡುವಳು! “ಹದ್ದಿನ ಕಣ್ಣು ಕಣೇ ನಿಂದು!” ಎಂದು ಅವನು ಬೀಗುತ್ತಿದ್ದ. ತಲೆ ನರೆತ ಪ್ರತಿ ಗಿರಾಕಿಗೂ “ಕಣ್ಣಿನ ಒತ್ತಡ ಒಂದ್ಸಲ ಆಸ್ಪತ್ರೆಯಲ್ಲಿ ನೋಡಿಸ್ಬಿಡಿ” ಎಂದು ಹೇಳಿ ಕಳಿಸುತ್ತಿದ್ದವನು, ತನ್ನ ಹೆಂಡತಿಯನ್ನು ಮಾತ್ರ ಎಲ್ಲಿಗೂ ಕಳಿಸಲಿಲ್ಲ. ತಾನೇ ನೋಡಿದ ಕಣ್ಣನ್ನು ಇನ್ನೊಬ್ಬರು ಯಾಕೆ ನೋಡಬೇಕು ಎಂಬ ಅಹಂಕಾರ... ಪ್ರೀತಿಯಿಂದಲೇ ಹುಟ್ಟಿದ ಅಹಂಕಾರ! ಆದರೆ ಕಣ್ಣಿನ ಒತ್ತಡದ ಆ ವ್ಯಾಧಿ ದೃಷ್ಟಿಯ ಅಂಚುಗಳನ್ನು ಮೊದಲು ತಿಂದು, ನಡುವನ್ನು ಕಟ್ಟಕಡೆಗೆ ಮುಟ್ಟುವಂಥದು. ಹಲಗೆ ಇದ್ದದ್ದು ನಡುವಿನಲ್ಲಿ. ಕೊನೆಗೊಂದು ದಿನ ಅವಳು ಮೆಟ್ಟಿಲ ಮೇಲಿಂದ ಬಿದ್ದಾಗಲೇ ಅವರು ಆಸ್ಪತ್ರೆಗೆ ಹೋದದ್ದು. “ಹೋಗಿರೋದು ಬರಲ್ಲ. ಉಳಿದಿರೋದೂ ತುಂಬಾ ದಿನ ಇರಲ್ಲ” ಎಂದರು ಡಾಕ್ಟರು.

ಮದುವೆಯಾದ ಹೊಸದರಲ್ಲಿ ಅವನೊಂದು ಮಾತು ಕೊಟ್ಟಿದ್ದ: ಒಂದಿಡೀ ಮರವನ್ನು ಹಕ್ಕಿಗಳು ಮುಚ್ಚಿ ಕುಳಿತಿರುವುದನ್ನು ಅವಳಿಗೆ ತೋರಿಸುತ್ತೇನೆ ಎಂದು. ಅಂಗಡಿಗೆ ಬೀಗ ಹಾಕುವ ಮನಸ್ಸಾಗದೆ ಆ ಮಾತು ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿತ್ತು. ಈಗ ಬೀಗ ಬಿದ್ದಿತ್ತು. ಅವಳಿಗೆ ಬೇಕಾದದ್ದು ಅದೊಂದೇ, ಒಂದು ಮರ, ಪೂರ್ತಿಯಾಗಿ.

“ಅಮ್ಮಾ, ಎಡಗಡೆ ನೋಡಿ, ಮಿಂಚುಳ್ಳಿ!” ಎಂದ ದೋಣಿಯವನು. ಅವಳು ಮುಖ ತಿರುಗಿಸಿದಳು. ಅವಳ ಪಾಲಿಗೆ ಉಳಿದಿದ್ದ ಬಳೆಯಗಲದ ಬೆಳಕು ನೀರನ್ನು, ಬೇರನ್ನು, ಬರಿಯ ಆಕಾಶವನ್ನು ತಡಕಾಡಿತು. ಅಷ್ಟರಲ್ಲಿ ಆ ನೀಲಿ ಹಾರಿಹೋಗಿತ್ತು. “ಬಲಗಡೆ, ನೀರುನಾಯಿ!” ಎಂದ. ಅವಳು ಅಲ್ಲಿಗೆ ತಲುಪುವಾಗ ಸುಳಿಯಷ್ಟೇ ಉಳಿದಿತ್ತು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯೊಂದು ಮಾತ್ರ ಅಲುಗಾಡದೆ ಕಾದಿತ್ತು. ಮೂತಿಯಿಂದ ಬಾಲದವರೆಗೆ ಅದನ್ನು ತುಂಡುತುಂಡಾಗಿ ನೋಡಿ ಮುಗಿಸಿ, “ಪಾಪ, ಇದೊಂದಕ್ಕೇ ನನ್ಮೇಲೆ ಕರುಣೆ” ಎಂದಳು. ದೋಣಿಯವನು ನಕ್ಕ. ಗಂಡನಿಗೆ ನಗು ಬರಲಿಲ್ಲ.

ನಡುಗಡ್ಡೆಯ ದೊಡ್ಡ ಮರದೆದುರು ದೋಣಿ ನಿಂತಿತು. ಮರ ಇನ್ನೂ ಖಾಲಿ.

“ತಪ್ಪು ನನ್ನದೇ ಕಣೇ” ಎಂದ ಅವನು, ನೀರನ್ನೇ ನೋಡುತ್ತ. “ಹಲಗೆ ಓದಿಸಿದೆ. ಪಕ್ಕ ನೋಡ್ಲಿಲ್ಲ.”

“ನಂಗೆ ಗೊತ್ತಾಗಿತ್ತು ರೀ.”

“ಏನು ಗೊತ್ತಾಗಿತ್ತು?”

“ಗಿರಾಕಿ ಮೂಗು ಕಂಡ್ರೆ ಕಿವಿ ಕಾಣ್ತಿರ್ಲಿಲ್ಲ. ಕನ್ನಡಕದ ಕಡ್ಡಿ ಸರಿ ಕೂತಿದೆಯಾ ಅಂತ ಮುಟ್ಟಿ ನೋಡ್ತಿದ್ದೆ. ಬಹಳ ದಿನದಿಂದ.”

“ಹೇಳೋಕೇನಾಗಿತ್ತು ನಿಂಗೆ!”

“ಕೊನೇ ಸಾಲು ಓದಿದಾಗ ಅಷ್ಟು ಖುಷಿಪಡ್ತಿದ್ರಿ... ನಿಮ್ಮ ಪರೀಕ್ಷೇನೇ ಸರಿಯಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀವು ನೋಡಿದ್ಮೇಲೆ ಎಲ್ಲಾ ಸರಿಯಾಗೇ ಇರುತ್ತೆ ಅಂತ ನಂಬ್ಕೊಂಡೆ.”

ಅವನ ಎದೆಯಲ್ಲಿ ಮೊದಲು ಉಕ್ಕಿದ್ದು ಕೋಪ. ಅದರ ಬೆನ್ನಿಗೇ ಬಂದದ್ದು, ಹೇಗೆ ಹೇಳಲಿ, ಒಂದು ಬಗೆಯ ಹಗುರ... ಅಪರಾಧವೆಲ್ಲ ತನ್ನೊಬ್ಬನದೇ ಅಲ್ಲ ಎಂಬ ಸಮಾಧಾನ! ಆ ಸಮಾಧಾನವನ್ನು ಅನುಭವಿಸಿದ ಮರುಕ್ಷಣವೇ ಅವನಿಗೆ ತನ್ನ ಬಗ್ಗೆ ಹೇಸಿಕೆಯಾಯಿತು. ಅವನು ಅವಳ ಕೈ ಹಿಡಿದುಕೊಂಡ. ಕ್ಷಮಿಸು ಎನ್ನಲು ಈಗ ಅವನಿಗೆ ಬಾಯಿ ಬರಲಿಲ್ಲ. ಕ್ಷಮಿಸಿದೆ ಎನ್ನಲು ಅವಳಿಗೂ.

ಅಷ್ಟರಲ್ಲಿ ಹಕ್ಕಿಗಳು ಬಂದವು. ನದಿಯ ತಿರುವಿನಿಂದ ಬೆಳ್ಳಕ್ಕಿಗಳ ಸಾಲುಸಾಲು ಮಾಲೆಗಳು, ಅಸ್ತಮಾನದ ಅರುಣಕಾಂತಿಯನ್ನು ರೆಕ್ಕೆಗಳಲ್ಲಿ ಹೊತ್ತು, ಗಗನವನ್ನೇ ತುಂಬಿ ಬಂದವು! ಅವಳ ಪುಟ್ಟ ಬೆಳಕಿನೊಳಗೆ ಬರಿಯ ಬಿಳಿಯ ಬೀಸುಗಳು ಹಾದುಹೋದವು.

“ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರಪ್ಪಾ” ಎಂದಳು ದೋಣಿಯವನಿಗೆ. “ಅವು ಕೂತ್ಕೊಳ್ಲಿ. ಕೂತ್ರೆ ನಂಗೆ ಕಾಣುತ್ತೆ.”

ಆದರೆ ಹಕ್ಕಿಗಳಿಗೆ ಅವಸರವಿರಲಿಲ್ಲ. ಜಾಗಕ್ಕಾಗಿ ಕಚ್ಚಾಡಿ, ಎದ್ದು, ಇಳಿದು, ಮತ್ತೆ ಎದ್ದು, ಒಂದೊಂದಾಗಿ ನೆಲೆಯಾಗತೊಡಗಿದವು. ಸೂರ್ಯನೂ ಅಷ್ಟೇ ನಿಧಾನವಾಗಿ ಮರಗಳಾಚೆ ಜಾರತೊಡಗಿದ. ಕೊನೆಗೆ ಮರ ತುಂಬಿತು. ಗಂಡ ಎರಡೂ ಅಂಗೈಗಳಲ್ಲಿ ಅವಳ ಕೆನ್ನೆ ಹಿಡಿದು, ಕೆಳಗಿನ ಕೊಂಬೆಯ ತುದಿಯಿಂದ ಅವಳ ಮುಖವನ್ನು ಮೆಲ್ಲಗೆ ಸರಿಸುತ್ತ ಹೋದ.

“ಕುತ್ತಿಗೆ ಮಡಚಿ ಕೂತಿದೆ... ಇದರ ಪಕ್ಕ ಇನ್ನೊಂದು... ಮರಿ ಇದೆ ರೀ ಇಲ್ಲಿ, ಬಾಯಿ ತೆಗೀತಿದೆ...” ಅವಳು ಮಗುವಿನಂತೆ ಉಸುರುತ್ತಿದ್ದಳು. ಮೊದಲ ಕೊಂಬೆ ಮುಗಿಯಿತು. ಎರಡನೆಯದು ಅರ್ಧವಾಯಿತು.

“ಯಾಕೆ ನಿಲ್ಸಿದ್ರಿ?” ಎಂದಳು.

ಅವನ ಕೈಗಳು ನಿಂತಿರಲಿಲ್ಲ. ಕೊಂಬೆಯ ಗುಂಟ ಅವು ಅವಳ ಮುಖವನ್ನು ಇನ್ನೂ ಸರಿಸುತ್ತಲೇ ಇದ್ದವು. ಮುಸ್ಸಂಜೆಯ ಮಂದ ಬೆಳಕು ಅವಳ ಪಾಲಿಗೆ ಅಷ್ಟಕ್ಕೇ ಮುಗಿದುಹೋಗಿತ್ತು.

“ಕತ್ತಲಾಯ್ತಾ?” ಎಂದು ಅವಳು ಕೇಳಿದಳು. “ಎಲ್ಲರಿಗೂ?”

ಅವನೆದುರು ಆ ಮರ, ಬುಡದಿಂದ ತುದಿಯವರೆಗೆ, ಅಚ್ಚಬಿಳಿಯಾಗಿ ಬೆಳಗುತ್ತಿತ್ತು. ಎಲೆಯೊಂದೂ ಕಾಣದಷ್ಟು ಹಕ್ಕಿಗಳು!

“ಹೂಂ ಕಣೇ” ಎಂದ ಅವನು. “ಎಲ್ಲರಿಗೂ. ನಂಗೂ ಏನೂ ಕಾಣ್ತಿಲ್ಲ.”

ದೋಣಿಯವನು ಒಮ್ಮೆ ಮರವನ್ನು, ಒಮ್ಮೆ ಅವನನ್ನು ನೋಡಿ, ಹುಟ್ಟು ಎತ್ತಿಕೊಂಡ.

ಸತ್ಯವನ್ನು ಸಹಿಸುವ ಶಕ್ತಿ ಪ್ರೀತಿಗಿದೆ ಎನ್ನುತ್ತೇವೆ, ಸಹೃದಯರೇ, ಇರಬಹುದು. ಆದರೆ ಅದನ್ನು ಆಡುವ ಶಕ್ತಿ...? ತನ್ನವರನ್ನು ನೋಯಿಸಲಾರದ ಮೃದುತ್ವದಿಂದಲೇ ಮನುಷ್ಯನು ತನ್ನವರನ್ನು ಕಳೆದುಕೊಳ್ಳುತ್ತಾನೆ; ಕಳೆದುಕೊಂಡೆನೆಂದು ತಿಳಿದ ಮೇಲೂ ಅದೇ ಮೃದುತ್ವವನ್ನಲ್ಲದೆ ಬೇರೇನನ್ನೂ ಕೊಡಲು ಅವನಿಗೆ ಬಾರದು.