ಹೊಳೆದಂಡೆಯ ಕೈತುತ್ತು

ಸುವರ್ಣಮ್ಮನಿಗೆ ತನ್ನ ಮೇಲೆ ತನಗೇ ಒಂದಿಷ್ಟು ಮೆಚ್ಚುಗೆ ಇತ್ತು. ಹಳ್ಳಿಮೈಸೂರಿನ ಜಮೀನುದಾರರ ಮನೆಗೆ ಸೊಸೆಯಾಗಿ ಬಂದು, ಗಂಡನ ನೌಕರಿಯ ದೆಸೆಯಿಂದ ಹೊಳೆನರಸೀಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ ಹೆಂಗಸು ಅವಳು. ವಾರಪತ್ರಿಕೆ ಓದುತ್ತಿದ್ದಳು, ಮಕ್ಕಳಿಗೆ ಕತೆ ಹೇಳುತ್ತಿದ್ದಳು, ಪಕ್ಕದ ಮನೆಯ ಮಲ್ಲಿಗಮ್ಮನ ಜೊತೆ ಗೋಡೆಗೊರಗಿ ಗಂಟೆಗಟ್ಟಲೆ ಹರಟುತ್ತಿದ್ದಳು. ಈ ಕೊನೆಯದನ್ನು ಆ ಸಾಲಿನ ಬೇರೆ ಯಾವ ಹೆಂಗಸೂ ಮಾಡುತ್ತಿರಲಿಲ್ಲ. ಅವರು ಮಾಡುವುದಿಲ್ಲ, ತಾನು ಮಾಡುತ್ತೇನೆ ಎನ್ನುವುದನ್ನು ಸುವರ್ಣಮ್ಮ ದಿನಕ್ಕೊಂದು ಸಲವಾದರೂ ನೆನೆಸಿಕೊಳ್ಳುತ್ತಿದ್ದಳು.

ಅವಳ ಗಂಡ ದೇವರಾಜು ಮತ್ತು ಮಲ್ಲಿಗಮ್ಮನ ಗಂಡ ಚೆನ್ನಯ್ಯ ಒಂದೇ ಆಫೀಸಿನ ಗುಮಾಸ್ತರು. ಚೆನ್ನಯ್ಯ ಬಾಗೂರಿನ ಊರಾಚೆಯ ಕೇರಿಯವನು. ಓದಿ ನೌಕರಿ ಹಿಡಿದಿದ್ದ, ಆದರೆ ಪೇಟೆಯೊಳಗೆ ಬಾಡಿಗೆಗೆ ಅವನಿಗೆ ಮನೆ ಸಿಗಲಿಲ್ಲ. ಕೇಳಿದಲ್ಲೆಲ್ಲ ಮನೆ ನಿನ್ನೆ ತಾನೇ ಯಾರಿಗೋ ಹೋಗಿಬಿಟ್ಟಿರುತ್ತಿತ್ತು. ಕೊನೆಗೆ ಕ್ವಾರ್ಟರ್ಸೇ ಗತಿಯಾಯಿತು. ಬಂದ ಹೊಸದರಲ್ಲಿ ಮಲ್ಲಿಗಮ್ಮ ಸುವರ್ಣಮ್ಮನನ್ನು 'ಅಮ್ಮಾರೆ' ಎನ್ನುತ್ತಿದ್ದಳು. 'ಅಮ್ಮಾರೂ ಇಲ್ಲ ಗಿಮ್ಮಾರೂ ಇಲ್ಲ, ಅಕ್ಕ ಅನ್ನಿ' ಎಂದು ಸುವರ್ಣಮ್ಮ ಗದರಿದ್ದಳು. ಮಲ್ಲಿಗಮ್ಮನ ಬಾಯಿಗೆ ಆ ಅಕ್ಕ ಬರಲು ಎರಡು ತಿಂಗಳೇ ಹಿಡಿಯಿತು.

ಅರವತ್ತೆರಡನೇ ಇಸವಿಯ ಬೇಸಿಗೆ ರಜಕ್ಕೆ ಅರಕಲಗೂಡಿನಿಂದ ಸುವರ್ಣಮ್ಮನ ಅಕ್ಕನ ಮಕ್ಕಳು ಮೂವರು ಬಂದಿಳಿದರು. ಅವಳ ಸ್ವಂತ ಮಗ ಒಬ್ಬನೇ, ಐದು ವರ್ಷದ ಜಗ. ನಾಲ್ವರೂ ಸೇರಿ ಎರಡೇ ದಿನದಲ್ಲಿ ಮನೆಯನ್ನು ತಲೆಕೆಳಗು ಮಾಡಿದರು. ದಿಂಬು ಹರಿಯಿತು, ಹರಿವೆಯ ಪಾತಿ ತುಳಿದು ಹಾಳಾಯಿತು, ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವ ಹಾಗಿಲ್ಲ.

'ಭಾನ್ವಾರ ಹೊಳೆಗೆ ಕರ್ಕೊಂಡೋಗಾನ ಬುಡು. ಮರಳಲ್ಲಿ ಬಿದ್ದು ಒದ್ದಾಡಿ ಸುಸ್ತಾಗ್ಲಿ' ಎಂದ ದೇವರಾಜು.

ಹೊಳೆ ಎಂದ ತಕ್ಷಣ ಜಗ ಒಂದೇ ಹಟ ಹಿಡಿದ. ಹೊನ್ನಿ ಬಂದರೆ ಮಾತ್ರ ತಾನು ಬರುವುದು. ಹೊನ್ನಿ ಮಲ್ಲಿಗಮ್ಮನ ಮಗಳು, ಇವನ ಓರಗೆಯವಳು. ರಜ ಶುರುವಾದಾಗಿನಿಂದ ಬಾಗೂರಿನಲ್ಲಿ ಅಜ್ಜಿ ಹೊನ್ನಕ್ಕನ ಹತ್ತಿರ ಇದ್ದು ಆಗತಾನೇ ವಾಪಸು ಬಂದಿದ್ದಳು.

ಸುವರ್ಣಮ್ಮ ಹೋಗಿ ಕರೆದಳು. ಮಲ್ಲಿಗಮ್ಮ ಸೆರಗಿನ ತುದಿ ಸುತ್ತುತ್ತ ನಿಂತಳು.

'ಬ್ಯಾಡ ಬುಡಿ ಅಕ್ಕ. ನಿಮ್ಮ ನೆಂಟ್ರ ಮಕ್ಕಳು ಬಂದವೆ. ನೀವು ನೀವೇ ಓಗ್ಬನ್ನಿ.'

'ಅದ್ಯಾಕೆ?'

'ಊಟ ಗೀಟ ಎಲ್ಲ ಇರ್ತದೆ. ಸುಮ್ಕೆ ಯಾಕೆ? ನಾವು ದೊಡ್ಡೋರು ಎಂಗೋ ಆಯ್ತದೆ. ಮಗೀಗೆ ಏನೂ ಗೊತ್ತಾಗಕಿಲ್ಲ.'

ಸುವರ್ಣಮ್ಮನಿಗೆ ರೇಗಿತು. ತನ್ನನ್ನೂ ಆ ಸಾಲಿನ ಬೇರೆ ಹೆಂಗಸರ ಜೊತೆ ಸೇರಿಸಿಬಿಟ್ಟಳಲ್ಲ ಎಂದು.

'ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಕಣ್ರೀ ಮಲ್ಲಿಗಮ್ಮ. ಹೊನ್ನಿ ಬೇರೆ ಅಲ್ಲ, ಜಗ ಬೇರೆ ಅಲ್ಲ. ನನ್ನ ಮಗನಾಣೆಗೂ ಇಲ್ಲ.'

ಮಗನ ಮೇಲೆ ಆಣೆ ಇಟ್ಟಮೇಲೆ ಮಲ್ಲಿಗಮ್ಮ ಇನ್ನೇನು ಹೇಳಿಯಾಳು? ಒಪ್ಪಿಕೊಂಡಳು. ಒಪ್ಪಿಸಿದೆನಲ್ಲ ಎಂದು ಸುವರ್ಣಮ್ಮ ಬೀಗುತ್ತ ಮನೆಗೆ ಬಂದು ಮಾವಿನಕಾಯಿ ತುರಿಯಲು ಕೂತಳು.

ಭಾನುವಾರ ಬಿಸಿಲೇರುವ ಮೊದಲೇ ಹೊರಟರು. ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಸಂಡಿಗೆ, ಉಪ್ಪಿನಕಾಯಿ. ಮಲ್ಲಿಗಮ್ಮ ಒಂದು ಡಬ್ಬಿ ತುಂಬ ಎಳ್ಳುಂಡೆ ಕಟ್ಟಿ ತಂದಿದ್ದಳು. 'ಆಮೇಲೆ ಮಕ್ಳಿಗೆ ಕೊಟ್ರಾಯ್ತು' ಎಂದು ಸುವರ್ಣಮ್ಮ ಅದನ್ನು ತೆಗೆದುಕೊಂಡು ಬುಟ್ಟಿಯ ತಳಕ್ಕೆ ಸೇರಿಸಿದಳು. ಮೇಲೆ ಜಾಗವಿತ್ತು. ತಳಕ್ಕೇ ಯಾಕೆ ಇಟ್ಟೆ ಎಂದು ಅವಳು ಆಗ ಯೋಚಿಸಲಿಲ್ಲ.

ಹೇಮಾವತಿ ಬೇಸಿಗೆಗೆ ಬಡವಾಗಿ ಆಚೆ ದಡದ ಮಗ್ಗುಲಿಗೆ ಸರಿದಿದ್ದಳು. ಈಚೆಗೆಲ್ಲ ಮರಳು. ಗಂಡಸರಿಬ್ಬರೂ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದು ಆಫೀಸಿನ ಸಾಹೇಬರನ್ನು ಬೈಯುತ್ತ ನಿಂತರು. ಮಕ್ಕಳು ಮರಳು ಬಗೆದು ಒರತೆ ತೋಡಲು ಶುರುಮಾಡಿದರು. ಅರಕಲಗೂಡಿನ ಮಕ್ಕಳ ಗುಂಡಿ ಕುಸಿಯುತ್ತಲೇ ಇತ್ತು. ಹೊನ್ನಿ ಮತ್ತು ಜಗ ಸೇರಿ ತೋಡಿದ್ದರಲ್ಲಿ ತಿಳಿನೀರು ಬಂತು. ಐದೂ ಮಕ್ಕಳು ಅದರ ಸುತ್ತ ಮೊಣಕಾಲೂರಿ ಬೊಗಸೆ ಬೊಗಸೆ ಕುಡಿದರು. ಅದನ್ನು ನೋಡುತ್ತ ಹೊಂಗೆ ಮರದ ನೆರಳಲ್ಲಿ ಕೂತಿದ್ದ ಸುವರ್ಣಮ್ಮನ ಎದೆ ತುಂಬಿ ಬಂತು. ನಮ್ಮತ್ತೆ ಇದ್ದಿದ್ದರೆ ಇಷ್ಟು ಹೊತ್ತಿಗೆ ರಂಪ ಮಾಡಿರುತ್ತಿದ್ದರು, ನೋಡು, ನಾನು ಹೇಗೆ ಕೂತಿದ್ದೇನೆ ಎಂದುಕೊಂಡಳು.

ಮಕ್ಕಳಿಗೆ ಹಸಿವಾಯಿತು. 'ಚಿಕ್ಕವ್ವ, ಎಲೆ ಬ್ಯಾಡ, ಕೈತುತ್ತು ಹಾಕು' ಎಂದು ಅಕ್ಕನ ಕಿರಿಯ ಮಗ ಮಂಜ ಪೀಡಿಸಿದ. ದೊಡ್ಡವರಿಗೆ ಎಲೆ ತೊಳೆದು ತರಲು ಮಲ್ಲಿಗಮ್ಮ ನೀರಿನ ಕಡೆ ಹೋದಳು. ಸುವರ್ಣಮ್ಮ ಬೇಸಿನ್ನಿಗೆ ಅನ್ನ ಸುರಿದುಕೊಂಡು ಮಕ್ಕಳನ್ನು ಸುತ್ತ ಕೂರಿಸಿಕೊಂಡಳು. ಒಬ್ಬ ರಾಜ, ಅವನಿಗೆ ಏಳು ಹೆಣ್ಣುಮಕ್ಕಳು ಎಂದು ಕತೆ ಶುರುವಾಯಿತು. ಒಂದು ತುತ್ತು ಮಂಜನ ಅಂಗೈಗೆ, ಒಂದು ಅವನ ಅಣ್ಣನಿಗೆ, ಒಂದು ಅಕ್ಕ ಶಾರದೆಗೆ. ಪ್ರತಿ ತುತ್ತನ್ನೂ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ ಅದರಲ್ಲೊಂದು ಚೂರು ಉಪ್ಪಿನಕಾಯಿ ಇಡುತ್ತಿದ್ದಳು. ಹಾಗೆ ಮಾಡುವುದು ಅವಳ ತವರಿನ ಪದ್ಧತಿ. ಜಗನಿಗೂ ಇಟ್ಟಳು. ಅವನ ಪಕ್ಕ ಹೊನ್ನಿ ಪುಟ್ಟ ಕೈ ಚಾಚಿ ಕೂತಿದ್ದಳು.

ಸುವರ್ಣಮ್ಮನ ಕೈ ಆ ಅಂಗೈಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಬೆರಳು ಬಿಚ್ಚಿಕೊಂಡವು. ತುತ್ತು ಮೇಲಿಂದ ಕೆಳಕ್ಕೆ ಬಿತ್ತು.

ಅವಳು ಬೇಕೆಂದು ಮಾಡಿದ್ದಲ್ಲ. ಹಾಗೆಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗಲಿಲ್ಲ. ಬೂವನಹಳ್ಳಿಯ ತವರುಮನೆಯಲ್ಲಿ, ಎಂಟು ವರ್ಷದವಳಿದ್ದಾಗ, ಕೊಟ್ಟಿಗೆಯ ಹಿಂದೆ ಕೂತ ಆಳುಗಳಿಗೆ ಮುದ್ದೆ ಕೊಡಲು ಅಜ್ಜಿ ಅವಳನ್ನೇ ಕಳಿಸುತ್ತಿದ್ದಳು. 'ಕೈ ಮ್ಯಾಲಿರ್ಲಿ ಕಣೆ' ಎಂದು ಹಿಂದಿನಿಂದ ಕೂಗುತ್ತಿದ್ದಳು. ವಾರಪತ್ರಿಕೆ ಓದಿದ್ದು ತಲೆ, ಕೈ ಇನ್ನೂ ಅಜ್ಜಿ ಹೇಳಿದ ಹಾಗೇ ಕೇಳುತ್ತಿತ್ತು. ಅತ್ತೆ ಎದುರಿಗಿದ್ದಿದ್ದರೆ ಅತ್ತೆಗೆ ಹೆದರಿ ಎನ್ನಬಹುದಿತ್ತು. ಅಲ್ಲಿ ಯಾರೂ ಇರಲಿಲ್ಲ.

ಹೊನ್ನಿ ಗಾಬರಿಯಾಗಲಿಲ್ಲ. ಕೈ ಮೇಲೇರಿದ್ದನ್ನು ಕಂಡ ಕೂಡಲೇ ಇನ್ನೊಂದು ಕೈಯನ್ನೂ ಜೋಡಿಸಿ ಬೊಗಸೆ ಮಾಡಿ, ಕೂತಲ್ಲೇ ಸ್ವಲ್ಪ ಹಿಂದೆ ಸರಿದು ತುತ್ತನ್ನು ಸರಿಯಾಗಿ ಹಿಡಿದುಬಿಟ್ಟಳು.

ಮಂಜನಿಗೆ ಅದು ಭಾರಿ ಮಜವಾಗಿ ಕಂಡಿತು. 'ಚಿಕ್ಕವ್ವ, ನಂಗೂ ಅಂಗೇ ಹಾಕು! ಮ್ಯಾಲಿಂದ ಹಾಕು!' ಎಂದು ಎದ್ದು ನಿಂತ. ಮಿಕ್ಕವರೂ ಎದ್ದರು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಸುವರ್ಣಮ್ಮ ಹಾಕಿದಳು. ಮಂಜನ ತುತ್ತು ಬೆರಳ ಸಂದಿಯಿಂದ ಜಾರಿ ಮರಳಿಗೆ ಬಿತ್ತು.

ಹೊನ್ನಿ ನಗುತ್ತ ಎದ್ದಳು. 'ಅಂಗಲ್ಲ ಕಣ್ಲಾ. ಎರಡೂ ಕೈ ಇಂಗೆ ಜೋಡಿಸ್ಬೇಕು. ಸಂದಿ ಬಿಡಬಾರ್ದು. ಒಂದೆಜ್ಜೆ ಇಂದಕ್ಕೆ ನಿಂತ್ಕೋ. ಈಗ ಬಗ್ಗು. ಅವರ ಮಕ ನೋಡಬಾರ್ದು, ಕೈ ನೋಡು. ಒಂದಗಳೂ ಬೀಳಬಾರ್ದು, ಬಿದ್ರೆ ಬಯ್ತಾರೆ.'

'ಯಾರು ಬಯ್ತಾರೆ?' ಎಂದ ಜಗ.

'ಗೌಡಮ್ಮಾರು. ಬಾಗೂರಲ್ಲಿ ದಿನಾ ನಮ್ಮಜ್ಜಿ ಜೊತೆ ಅವರಟ್ಟಿಗೆ ಕೆಲ್ಸಕ್ಕೆ ಓಯ್ತಿದ್ದೆ. ಅಜ್ಜಿ ಏಳ್ಕೊಡ್ತು.'

ಮಕ್ಕಳು ಸಾಲಾಗಿ ನಿಂತರು. ಬೆನ್ನು ಬಗ್ಗಿತು, ಬೊಗಸೆ ಕೂಡಿತು. ಹೊನ್ನಿ ಶಾಲೆಯ ಮೇಷ್ಟ್ರ ಥರ ಒಬ್ಬೊಬ್ಬರ ಬೆರಳನ್ನೂ ತಿದ್ದುತ್ತ ಓಡಾಡಿದಳು. ಜಗ ಎಲ್ಲರಿಗಿಂತ ಚೆನ್ನಾಗಿ ಕಲಿತ.

ಮಲ್ಲಿಗಮ್ಮ ನೀರು ತೊಟ್ಟಿಕ್ಕುವ ಎಲೆ ಹಿಡಿದು ಬಂದು ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ಅವಳ ಕಣ್ಣು ಮಗಳ ಬಗ್ಗಿದ ಬೆನ್ನಿನ ಮೇಲಿತ್ತು. ಮಕ್ಕಳ ಕೇಕೆ ಕೇಳಿ ಅತ್ತ ತಿರುಗಿದ್ದ ಚೆನ್ನಯ್ಯನೂ ನೋಡಿದ. ನೋಡಿ, ನೀರಿನ ಕಡೆ ಮುಖ ಮಾಡಿ, ಬೊಗಸೆಯಲ್ಲಿ ನೀರೆತ್ತಿಕೊಂಡು ಮುಖ ತೊಳೆದ. ಮತ್ತೆ ಮತ್ತೆ ತೊಳೆದ.

ಸುವರ್ಣಮ್ಮನಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಸರಿಮಾಡಬೇಕು, ಈಗಲೇ, ಮಲ್ಲಿಗಮ್ಮನ ಕಣ್ಣೆದುರಿಗೇ ಎಂದು ಒಂದು ದೊಡ್ಡ ತುತ್ತು ಕಟ್ಟಿದಳು.

'ಬಾ ಹೊನ್ನಿ, ನಂ ಚಿನ್ನ, ಇಲ್ಲಿ ಬಾ. ಕೈ ಕೊಡು.'

ಕೈ ಹಿಡಿಯಲು ಮುಂದೆ ಬಾಗಿದಳು. ಹೊನ್ನಿ ಬೊಗಸೆ ಬಿಡದೆ ಒಂದು ಹೆಜ್ಜೆ ಹಿಂದೆ ಸರಿದಳು. ಸುವರ್ಣಮ್ಮ ಮತ್ತೂ ಬಾಗಿದಳು. ಅವಳು ಮತ್ತೂ ಸರಿದಳು.

'ಮುಟ್ಟಿಸ್ಕೋಬಾರ್ದು ಅತ್ತೆ' ಎಂದಳು, ದೊಡ್ಡವರು ಮರೆತದ್ದನ್ನು ನೆನಪು ಮಾಡಿಕೊಡುವವಳ ಹಾಗೆ. 'ಮ್ಯಾಲಿಂದ ಹಾಕಿ.'

ತುತ್ತು ಸುವರ್ಣಮ್ಮನ ಕೈಯಲ್ಲೇ ಉಳಿಯಿತು. ಮಲ್ಲಿಗಮ್ಮ ಎಲೆ ಕೆಳಗಿಟ್ಟು ಬಂದು ಮಗಳ ಬೊಗಸೆ ಬಿಡಿಸಿ, ಸೊಂಟಕ್ಕೆ ಎತ್ತಿಕೊಂಡಳು. 'ಅವಳಿಗೆ ಹೊಟ್ಟೆ ತುಂಬ್ತು' ಎಂದಳು. ಒಂದೇ ಒಂದು ತುತ್ತಿಗೆ.

ಸುವರ್ಣಮ್ಮ ತುತ್ತನ್ನು ಬೇಸಿನ್ನಿಗೆ ಹಾಕಿ, ಬುಟ್ಟಿಯ ತಳ ತಡಕಿ ಎಳ್ಳುಂಡೆಯ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿ ಒಂದನ್ನು ಬಾಯಿಗಿಟ್ಟುಕೊಂಡು, 'ಎಷ್ಟು ಚೆನ್ನಾಗವೆ ಮಲ್ಲಿಗಮ್ಮ' ಎಂದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಇನ್ನೊಂದನ್ನೂ ತಿಂದಳು. ಎಲ್ಲರಿಗೂ ಕಾಣಲಿ ಎಂದು ತಿನ್ನುತ್ತಿದ್ದೇನೆ ಎನ್ನುವುದು ಅವಳಿಗೇ ಗೊತ್ತಿತ್ತು, ಮಲ್ಲಿಗಮ್ಮನಿಗೂ ಗೊತ್ತಿತ್ತು. ಮಲ್ಲಿಗಮ್ಮ ಹೊಳೆಯ ಕಡೆ ನೋಡುತ್ತ ಮಗಳ ತಲೆ ಸವರುತ್ತಿದ್ದಳು. ದೊಡ್ಡವರ ಊಟ ಎಲೆಯ ಮೇಲೆ ಹೇಗೋ ಮುಗಿಯಿತು.

ವಾಪಸು ಬರುವಾಗ ಗಂಡಸರು ಮಳೆ ಯಾವಾಗ ಬರಬಹುದು ಎನ್ನುವುದನ್ನು ಮಾತಾಡಿದರು. ಸುವರ್ಣಮ್ಮ ಹಿಂದೆ ಬಿದ್ದು ಮಲ್ಲಿಗಮ್ಮನ ಜೊತೆ ನಡೆದಳು. ಹೇಳಬೇಕಾದದ್ದು ಬಾಯಿಯವರೆಗೆ ಬರುತ್ತಿತ್ತು. ತಪ್ಪಾಯ್ತು ಎಂದರೆ ಯಾವುದು ಎಂದು ಹೆಸರಿಟ್ಟು ಹೇಳಬೇಕು. ಬಿಸಿಲು, ಚಪ್ಪಲಿ, ಮಕ್ಕಳ ನಿದ್ದೆ, ಇವನ್ನೇ ಮಾತಾಡಿದಳು. ಮಲ್ಲಿಗಮ್ಮ ಎಲ್ಲಕ್ಕೂ ಹೂಂಗುಟ್ಟಿದಳು. ತನ್ನ ಬಾಗಿಲು ಬಂದಾಗ ನಿದ್ದೆ ಹೋಗಿದ್ದ ಮಗಳನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೇಳಿದಳು:

'ಬತ್ತೀವಿ ಅಮ್ಮಾರೆ.'

ಕೋಪವೇನೂ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಅರಕಲಗೂಡಿನ ಮಕ್ಕಳು ಸುಸ್ತಾಗಿ ಬೇಗ ಮಲಗಿದರು. ಜಗನೊಬ್ಬ ಹಸಿವು ಎಂದು ಅಡಿಗೆಮನೆಗೆ ಬಂದ. ಸುವರ್ಣಮ್ಮ ಉಳಿದ ಮೊಸರನ್ನ ಕಲಸಿದಳು. ಇವತ್ತು ಇವನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸಬೇಕು ಎನ್ನಿಸಿತು. ಅವನ ಮೇಲೆ ಇಟ್ಟ ಆಣೆ ಮಧ್ಯಾಹ್ನದಿಂದ ಎದೆಯಲ್ಲಿ ಚುಚ್ಚುತ್ತಿತ್ತು.

'ಬಾ ಮಗ' ಎಂದು ತುತ್ತು ಚಾಚಿದಳು.

ಜಗ ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈ ಜೋಡಿಸಿದ, ಸಂದಿ ಬಿಡದೆ. ಬೆನ್ನು ಬಗ್ಗಿಸಿದ. ಅವಳ ಮುಖ ನೋಡಲಿಲ್ಲ.

'ಆಟ ಸಾಕು ಕಣಪ್ಪ. ಬಾ, ಬಾಯಿಗೆ ಇಡ್ತೀನಿ.'

'ಮುಟ್ಟಬ್ಯಾಡ ಕಣವ್ವ. ಮ್ಯಾಲಿಂದ ಹಾಕು.'

ಅವಳು ಕೂತಲ್ಲಿಂದಲೇ ಮುಂದೆ ಸರಿದಳು. ಅವನು ಬಾಗಿಲವರೆಗೆ ಹಿಂದೆ ಹೋದ, ಬಗ್ಗಿಕೊಂಡೇ. 'ಹಾಕವ್ವ, ಹೊಟ್ಟೆ ಹಸೀತದೆ' ಎಂದ.

ಸುವರ್ಣಮ್ಮ ಕೈ ಎತ್ತಿದಳು. ಬೆರಳು ಬಿಚ್ಚಿದಳು.

ಜಗ ಬೊಗಸೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಿದ, ಕೆಳಗೆ ನೆಲ ನೋಡಿದ. ಅವನ ಮುಖ ಅರಳಿತು.

'ನೋಡವ್ವ, ಒಂದಗಳೂ ಬೀಳ್ಲಿಲ್ಲ! ನಾಳೆ ಹೊನ್ನಿಗೆ ಏಳ್ತೀನಿ.'

ನಿಂತಲ್ಲೇ ತಿಂದು ಮುಗಿಸಿ ಅವನು ಮತ್ತೆ ಬೊಗಸೆ ಒಡ್ಡಿದ.