ನುಚ್ಚಿನ ಬಟ್ಟಲು

ಫಾರ್ಮಲಿನ್ ವಾಸನೆ ಬೆರಳಿಗೆ ಹತ್ತಿದೆ, ಸೋಪು ಹಾಕಿ ತಿಕ್ಕಿದರೂ ಬಿಡುತ್ತಿಲ್ಲ, ರಾಯಚೂರಿನ ಏಪ್ರಿಲ್, ಸೂಕ್ಷ್ಮದರ್ಶಕದ ಕಬ್ಬಿಣವೇ ಸುಡುತ್ತದೆ — ಇಂಥ ಬಿಸಿಲಲ್ಲಿ ದಕ್ಷಿಣ ಧ್ರುವದ ಕಡಲಿನ ಜೀವಗಳು ಏಳು ಸೀಸೆಗಳಲ್ಲಿ ನನ್ನ ಮುಂದೆ ಕೂತಿವೆ, ನಗು ಬರುತ್ತದೆ, ಹಡಗಿನವರು ಏಳು ಕಡೆ ಬಲೆ ಎಳೆದದ್ದು, ಎಲ್ಲಿ ಯಾವ ಜೀವ ಎಷ್ಟು ಎಂದು ಎಣಿಸಿ ನಕ್ಷೆಯಲ್ಲಿ ಗುರುತಿಸುವ ಕೆಲಸ ನನ್ನದು, ಮಲ್ಲಟದ ಶೇಖಮ್ಮನದು, ಎಂಬತ್ತೈದನೇ ಇಸವಿಯಲ್ಲಿ ನಮ್ಮ ಕೇರಿಯಿಂದ ಕಾಲೇಜಿನಲ್ಲಿ ಪಾಠ ಮಾಡುವವಳು ನಾನೊಬ್ಬಳೇ, ವಿಭಾಗದ ಹಿರಿಯರಾದ ತಾಯಣ್ಣ ಸರ್ ಸೀಸೆ ಕೊಡುವಾಗ ಅಂದಿದ್ದರು, ಸೊನ್ನಿ ಹಾಕೋವಾಗ ಹುಷಾರ್ ರೀ ಶೇಖಮ್ಮ, ಸೊನ್ನಿ ಅಂದ್ರ ಆ ಜೀವ ಅಲ್ಲಿಲ್ಲ ಅಂತ ಜಗತ್ತಿಗೇ ಹೇಳಿದಂಗ — ನಾಳೆ ನಕ್ಷೆ ಅಂಚೆಗೆ ಹೋಗಬೇಕು, ಎಷ್ಟು ಚಂದ ಇವು, ಕಿರುಬೆರಳಿನಷ್ಟು ಸೀಗಡಿ, ಗರಿಯಂಥ ಕಾಲು, ಇದನ್ನು ತಿಂದೇ ತಿಮಿಂಗಿಲ ಅಷ್ಟು ಬೆಳೆಯುವುದಂತೆ, ನಂಬಲಿಕ್ಕಾಗುವುದಿಲ್ಲ, ನನ್ನ ಕೈ ಚುರುಕಂತೆ, ಅದು ಕಾಲೇಜು ಕಲಿಸಿದ್ದಲ್ಲ, ಅವ್ವ ಬಸ್ಸಮ್ಮ ಗಿರಣಿಯಲ್ಲಿ ಕೂಲಿಗೆ ಅಕ್ಕಿ ಆರಿಸುವಾಗ ಪಕ್ಕದಲ್ಲಿ ಕೂತು ಕಲಿತದ್ದು, ಇಡಿಯದು ಈ ಕಡೆ, ನುಚ್ಚು ಆ ಕಡೆ, ಇಲ್ಲೂ ಅದೇ, ಇಡೀ ಸೀಗಡಿ ತಟ್ಟೆಗೆ, ಮುರುಕು ಬಟ್ಟಲಿಗೆ, ಸೀಸೆ ಮುಗಿದರೆ ಬಟ್ಟಲು ಮೋರಿಗೆ, ಹಾಗೇ ಆರು ಸೀಸೆ ಮುಗಿದವು.

ಈಗಷ್ಟೇ ಅವ್ವ ರೊಟ್ಟಿ ತಂದಳು, ಯವ್ವಾ ಇದರಾಗ ನೋಡು ಅಂದೆ, ಸೂಕ್ಷ್ಮದರ್ಶಕದಲ್ಲಿ ಸೀಗಡಿ ನೋಡಿ ಹಿಗ್ಗಿದಳು, ಏಳನೆಯ ಸೀಸೆಯ ಬಟ್ಟಲನ್ನೂ ತೋರಿಸು ಅಂದಳು, ನುಚ್ಚು ಬೇ ಅದು, ಅಂದೆ, ಅವ್ವ ಕಣ್ಣು ತೆಗೆಯಲಿಲ್ಲ, ನುಚ್ಚಿಗೆ ಕಣ್ಣಿರತಾವೇನ, ಒಂದೊಂದಕ್ಕೂ ಎರಡೆರಡು ಅದಾವ ನೋಡು — ನೋಡಿದೆ, ಮುರುಕಲ್ಲ, ಇಡೀ ಜೀವಗಳು, ಬೇರೆಯೇ ಜಾತಿ, ಮುದುರಿಕೊಂಡಿವೆ, ಎರಡು ಕರಿ ಕಣ್ಣು, ಅಕ್ಷರ ಬಾರದ ನನ್ನವ್ವ ಒಂದೇ ನೋಟದಲ್ಲಿ ಹಿಡಿದಳಲ್ಲ, ಆ ಕಣ್ಣಿಗೆ ಕೈಮುಗಿಯಬೇಕು, ಆದರೆ ಮೋರಿಗೆ ಚೆಲ್ಲಿದ ಆ ಆರು ಬಟ್ಟಲು, ಅವುಗಳಲ್ಲೂ ಇವು ಇದ್ದವೇನೋ — ನಕ್ಷೆಯಲ್ಲಿ ಬೇರೆ ಜೀವ ಎಂಬಲ್ಲಿ ನಾನೇ ಹಾಕಿದ ಆರು ಸೊನ್ನೆ, ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ, ಮೋರಿ ಬಾಯಿ ಬಿಡುವುದಿಲ್ಲ, ನಿಜ ಬರೆದರೆ ಇನ್ನೊಂದು ಸೀಸೆ ನನಗೆ ಯಾರು ಕೊಡುತ್ತಾರೆ, ರೊಟ್ಟಿ ಆರತೈತಿ, ಉಣ್ಣು ಅನ್ನುತ್ತಾಳೆ ಅವ್ವ, ರಬ್ಬರು ತಿಕ್ಕುತ್ತೇನೆ, ಒಂದು, ಎರಡು, ಆರೂ ಹೋದವು, ಅಂಚಿನಲ್ಲಿ ಬರೆಯುತ್ತೇನೆ, ಇಲ್ಲಿ ಇಲ್ಲವೆಂದಲ್ಲ, ಗುರುತಿಸದೆ ಚೆಲ್ಲಿದ್ದೇನೆ, ಶೇಖಮ್ಮ, ಮತ್ತೆ ಬಗ್ಗಿ ನೋಡುತ್ತೇನೆ, ಎರಡು ಕರಿ ಕಣ್ಣು, ರೆಪ್ಪೆಯಿಲ್ಲ, ಮುಚ್ಚುವುದಿಲ್ಲ, ಎರಡು ಕರಿ ಕಣ್ಣು —