ಹಾಯ್ಟ್‌ನ ಮೂರು ಹಾರ್ನ್

"ಎಡಗಡೆ ಸ್ವಲ್ಪ ಎತ್ತು ಹಾಯ್ಟ್, ಮೆಟ್ಟಿಲಿದೆ," ಎಂದು ಹಿಂದಿನಿಂದ ಡ್ವೈಟ್ ಪಿಸುಗುಟ್ಟಿದ.

ಹಾಯ್ಟ್ ಎತ್ತಿದ. ಶವಪೆಟ್ಟಿಗೆಯ ಹಿತ್ತಾಳೆ ಹಿಡಿ ಬೆವರಿಗೆ ಜಾರುತ್ತಿತ್ತು. ಹೊತ್ತವರು ಆರು ಜನ, ಇಬ್ಬರಿದ್ದರೂ ಸಾಕಾಗುತ್ತಿತ್ತು. ವರ್ಲೀನ್ ಬದುಕಿದ್ದಾಗಲೂ ಐದಡಿ ದಾಟದ, ತೂಕವೇ ಇಲ್ಲದ ಹೆಂಗಸು. ಆ ಆರೂ ಜನರ ಕಾಲಲ್ಲಿ ಇದ್ದದ್ದು ಅವಳು ಕೊಟ್ಟ ಕಾಲುಚೀಲಗಳೇ. ಮೂವತ್ತೊಂದು ವರ್ಷ ಅವಳು ಊರಾಚೆಯ ಕಾಲುಚೀಲದ ಮಿಲ್ಲಿನಲ್ಲಿ ಕಾಲ್ಬೆರಳ ತುದಿಯ ಹೊಲಿಗೆ ಹಾಕಿದಳು. ಮಿಲ್ಲು ಮುಚ್ಚಿದ ಮೇಲೆ ಅಲ್ಲಿ ಉಳಿದಿದ್ದ ಜೋಡಿ ತಪ್ಪಿದ ಮಾಲನ್ನು ಮೂಟೆಗಟ್ಟಲೆ ತಂದಿಟ್ಟುಕೊಂಡು, ಒಂದಕ್ಕೊಂದು ಹೊಂದಿಸಿ, ಕಂಡವರಿಗೆಲ್ಲ ಹಂಚುತ್ತಿದ್ದಳು. ಕೋಲ್ಡ್ ಬ್ರಾಂಚ್ ಊರಿನಲ್ಲಿ ಕಾಲುಚೀಲ ಕೊಂಡವರೇ ಇರಲಿಲ್ಲ.

ಚರ್ಚಿನ ಹಿಂದಿನ ಸ್ಮಶಾನದ ಓಕ್ ಮರಕ್ಕೆ ಯಾರದೋ ಮನೆಯ ಚಾವಣಿ ತಗಡು ಸುತ್ತಿಕೊಂಡಿತ್ತು. ಮಂಗಳವಾರದ ಸುಂಟರಗಾಳಿಗೆ ಹಾರಿ ಬಂದು ಕೂತದ್ದು, ಶನಿವಾರವಾದರೂ ಇಳಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಇಡೀ ಕೌಂಟಿಯಲ್ಲಿ ಸತ್ತವರು ಏಳು ಜನ. ಈ ವಾರ ಇದು ಇಲ್ಲಿ ಮೂರನೆಯ ಮಣ್ಣು.

ಪಾದ್ರಿ ಬ್ರದರ್ ಕೋಲ್‌ಮನ್ ಪ್ರಾರ್ಥನೆ ಚುಟುಕಾಗಿ ಮುಗಿಸಿದರು. ಅವರಿಗೂ ದಣಿವಾಗಿತ್ತು. ಹಾಯ್ಟ್ ತಲೆ ತಗ್ಗಿಸಿ ನಿಂತಿದ್ದ. ಹೆಂಡತಿ ಇಮೊಜೀನ್ ಪಕ್ಕಕ್ಕೆ ಬಂದು ಅವನ ತೋಳು ಹಿಡಿದಳು. ಹಿಡಿತ ಬಿಗಿಯಾಗಿತ್ತು.

"ಇವತ್ತು ಬೇಡ," ಎಂದಳು, ತುಟಿ ಅಲ್ಲಾಡದಂತೆ.

"ಮತ್ತೆ ಯಾವತ್ತು?"

"ಯಾವತ್ತೂ ಬೇಡ. ಹೇಳಿ ಏನ್ ಸಾಧಿಸ್ತೀಯ? ಅವಳೇನು ಎದ್ದು ಬರ್ತಾಳಾ?"

ಹಾಯ್ಟ್ ತಲೆ ಎತ್ತಿ ನೋಡಿದ. ಗುಂಡಿಯ ಆಚೆ ಬದಿಯಲ್ಲಿ ವರ್ಲೀನಳ ಮಗಳು ಡೀಡ್ರಾ ನಿಂತಿದ್ದಳು. ನಲವತ್ತು ದಾಟಿದವಳು, ಚಟನೂಗದಲ್ಲಿ ಆಸ್ಪತ್ರೆಯ ನರ್ಸು. ಅವಳ ಮೊಣಕೈಗೆ ಅಮ್ಮನ ಬಟ್ಟೆಚೀಲ ನೇತಾಡುತ್ತಿತ್ತು.

* * *

ಆ ಊರಲ್ಲಿ ಸುಂಟರಗಾಳಿಯ ಸೈರನ್ನನ್ನು ನಂಬುವವರು ಕಡಿಮೆ. ಅದಕ್ಕೆ ಕಾರಣವೂ ಇತ್ತು. ನಲವತ್ತು ಮೈಲಿ ಉದ್ದದ ಕೌಂಟಿಯ ಯಾವ ಮೂಲೆಯಲ್ಲಿ ಗಾಳಿ ಸುತ್ತಿಕೊಂಡರೂ ಎಲ್ಲ ಸೈರನ್‌ಗಳೂ ಒಟ್ಟಿಗೆ ಕೂಗುತ್ತಿದ್ದವು. ಅಲಬಾಮಾದ ಆ ಮೂಲೆಯಲ್ಲಿ ಮಾರ್ಚಿನಿಂದ ಮೇವರೆಗೆ ಅವು ಕೂಗದ ವಾರವಿಲ್ಲ. ಜೊತೆಗೆ ಪಶ್ಚಿಮಕ್ಕೊಂದು ಗುಡ್ಡವಿತ್ತು. ಬರುವ ಸುಂಟರಗಾಳಿ ಆ ಗುಡ್ಡಕ್ಕೆ ಬಡಿದು ಇಬ್ಭಾಗವಾಗುತ್ತದೆ ಎಂದು ಅಜ್ಜಂದಿರು ಹೇಳಿದ್ದರು. ಅಜ್ಜಂದಿರ ಕಾಲದಲ್ಲಿ ಬಂದಿರಲಿಲ್ಲ, ಅಷ್ಟೇ ವಿಷಯ.

ಹಾಯ್ಟ್‌ನ ಮನೆಯ ವರಾಂಡದ ಪಕ್ಕದಲ್ಲೇ ಒಂಬತ್ತು ಮೆಟ್ಟಿಲಿನ ಕಾಂಕ್ರೀಟ್ ನೆಲಮಾಳಿಗೆ ಇತ್ತು. ಅವನ ಅಪ್ಪ ಕಟ್ಟಿಸಿದ್ದು. ಸುತ್ತಲಿನ ಟ್ರೈಲರ್ ಮನೆಗಳಿಗೆ ಅಡಿಪಾಯವೇ ಇಲ್ಲವಾದ್ದರಿಂದ ಅಲ್ಲಿಯವರೆಲ್ಲ ಅವನಲ್ಲಿಗೇ ಬರಬೇಕು. ಹನ್ನೊಂದು ವರ್ಷದ ಹಿಂದೆ ಒಂದೇ ವಾರದಲ್ಲಿ ಐದು ಸಲ ಸೈರನ್ ಕೂಗಿತು. ಐದು ಸಲವೂ ಜನ ಮಕ್ಕಳು ಮರಿ, ನಾಯಿ, ಔಷಧಿ ಡಬ್ಬಿ ಹಿಡಿದು ಓಡಿ ಬಂದು, ಬೆವರಿ, ಸುಮ್ಮನೆ ವಾಪಸಾದರು. ಐದನೆಯ ಸಲ ಡ್ವೈಟ್ ಮೆಟ್ಟಿಲ ಮೇಲೆ ಕೂತು ತಕರಾರು ತೆಗೆದ.

"ಕೌಂಟಿಯವ್ರಿಗೆ ಗುಂಡಿ ಒತ್ತೋಕೆ ಸಂಬಳ ಕೊಡ್ತಾರೆ, ಒತ್ತುತಾರೆ. ನಮಗೆ ಓಡೋಕೆ ಯಾರು ಕೊಡ್ತಾರೆ?"

"ನೀನು ಓಡಿದ್ದು ನಾನ್ ನೋಡಿಲ್ಲ," ಎಂದಳು ವರ್ಲೀನ್. ಅವಳು ಮೂಲೆಯ ಮಡಚುಕುರ್ಚಿಯಲ್ಲಿ ಕೂತು ಟಾರ್ಚಿನ ಬೆಳಕಲ್ಲಿ ಬೂದು ಬಣ್ಣದ ಕಾಲುಚೀಲಕ್ಕೆ ಜೋಡಿ ಹುಡುಕುತ್ತಿದ್ದಳು. "ನಿನ್ನ ಹೊಟ್ಟೆ ಮೊದಲು ಬಂತು. ನೀನು ಆಮೇಲೆ ಬಂದೆ."

ಎಲ್ಲರೂ ನಕ್ಕರು. ಆ ನಗುವಿನ ಹುಮ್ಮಸ್ಸಿನಲ್ಲೇ ಹಾಯ್ಟ್ ಅಂದುಬಿಟ್ಟ: "ಒಂದ್ ಕೆಲಸ ಮಾಡೋಣ. ನಾನು ಹೇಗೂ ವರಾಂಡದಲ್ಲಿ ನಿಂತು ಆಕಾಶ ನೋಡ್ತಿರ್ತೀನಿ. ನಿಜವಾಗ್ಲೂ ಬರ್ತಿದೆ ಅನ್ನಿಸಿದ್ರೆ ಟ್ರಕ್ಕಿನ ಹಾರ್ನ್ ಮೂರು ಸಲ ಹೊಡೀತೀನಿ. ಆವಾಗ ಬನ್ನಿ."

ಒಳ್ಳೆಯ ಮಾತು ಎಂದರು ಎಲ್ಲರೂ. ಹಾಯ್ಟ್ ಅಂಚೆ ಹಂಚಿ ನಿವೃತ್ತನಾದ ಮನುಷ್ಯ. ಹವಾಮಾನದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಇಪ್ಪತ್ತಾರು ವರ್ಷ ಅದರಲ್ಲಿ ನೆನೆದಿದ್ದ ಎಂಬುದು ಮಾತ್ರ. ಆದರೆ ಅವನನ್ನು ಎಲ್ಲರೂ ಬಲ್ಲರು. ಸೈರನ್ ಒತ್ತುವವನ ಮುಖ ಯಾರೂ ನೋಡಿರಲಿಲ್ಲ.

ಹನ್ನೊಂದು ವರ್ಷ ಹಾಗೆಯೇ ನಡೆಯಿತು. ಸೈರನ್ ಕೂಗಿದರೆ ಊರು ಟಿವಿಯ ಸದ್ದು ತಗ್ಗಿಸಿ ಹಾರ್ನ್‌ಗೆ ಕಾಯುತ್ತಿತ್ತು. ಹಾರ್ನ್ ಬಾರದಿದ್ದರೆ ಸದ್ದು ಮತ್ತೆ ಏರುತ್ತಿತ್ತು.

* * *

ಮಣ್ಣು ಮುಗಿದ ಮೇಲೆ ಚರ್ಚಿನ ಪಕ್ಕದ ತಗಡು ಚಾವಣಿಯ ಊಟದ ಹಾಲಿನಲ್ಲಿ ಹೆಂಗಸರು ಕರಿದ ಕೋಳಿ, ಬೀನ್ಸ್, ಬಾಳೆಹಣ್ಣಿನ ಪುಡಿಂಗ್ ಹರಡಿಟ್ಟಿದ್ದರು. ಸಿಹಿ ಐಸ್ ಚಹಾ ಜಗ್ಗಿನಲ್ಲಿತ್ತು. ಸಾವಿನ ಮನೆಯ ಊಟ ಅಲ್ಲಿ ಯಾವಾಗಲೂ ಹೆಚ್ಚೇ. ಡ್ವೈಟ್ ಎರಡನೆಯ ತಟ್ಟೆ ತುಂಬಿಸಿಕೊಂಡು ಕೂತಿದ್ದ.

"ನಿನ್ನೆ ಒಬ್ಳು ಟಿವಿಯವ್ಳು ಬಂದು ನನ್ನ ಬಾಯಿಗೆ ಮೈಕ್ ತುರುಕಿದ್ಲು," ಎಂದ ಅವನು. "ಇಪ್ಪತ್ತು ನಿಮಿಷ ಮುಂಚೆ ಎಚ್ಚರಿಕೆ ಕೊಟ್ಟಿದ್ರಲ್ಲ, ಜನ ಯಾಕೆ ಕದಲಲಿಲ್ಲ ಅಂತ. ನಾನಂದೆ, ನೋಡಮ್ಮ, ನಮ್ಮೂರಲ್ಲಿ ಹಾಯ್ಟ್ ಇದಾನೆ, ಅವನು ಹಾರ್ನ್ ಹೊಡೆದ, ನಾನು ಟೈರ್ ಅಂಗಡಿಯ ರಿಪೇರಿ ಗುಂಡಿಗೆ ಹಾರಿ ಬದುಕಿದೆ ಅಂತ."

"ನಿಂಗೆ ಕೇಳಿಸ್ತಾ?" ಎಂದ ಹಾಯ್ಟ್.

"ಕೇಳಿಸ್ದೆ ಏನು? ಮೂರು ಸಲ. ಪೇಂ, ಪೇಂ, ಪೇಂ."

ಡ್ವೈಟ್ ಸುಳ್ಳು ಹೇಳುವವನಲ್ಲ. ಹನ್ನೊಂದು ವರ್ಷ ಕಾದ ಕಿವಿಗೆ ಬೇಕಾದ್ದು ಕೇಳಿಸಿತ್ತು. ಟೈರ್ ಅಂಗಡಿ ಹಾಯ್ಟ್‌ನ ಮನೆಯಿಂದ ಎರಡು ಮೈಲಿ. ಮಂಗಳವಾರ ಸಂಜೆಯಿಂದ ಅವನು ಇದನ್ನು ಹೇಳಿಕೊಂಡು ತಿರುಗುತ್ತಿದ್ದ. ಕೇಳಿದ ಇನ್ನೂ ನಾಲ್ಕಾರು ಜನ ತಮಗೂ ಕೇಳಿಸಿತ್ತು ಎನ್ನತೊಡಗಿದ್ದರು. ಹಾಯ್ಟ್ ಮೊದಲ ದಿನವೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎರಡನೆಯ ದಿನ ಅದು ಇನ್ನೂ ಕಷ್ಟವಾಯಿತು.

ಡೀಡ್ರಾ ತಟ್ಟೆಯಿಲ್ಲದೆ ಬಂದು ಅವನೆದುರಿನ ಕುರ್ಚಿಯಲ್ಲಿ ಕೂತಳು. ಬಟ್ಟೆಚೀಲವನ್ನು ಮೇಜಿನ ಮೇಲಿಟ್ಟಳು. ತೊಳೆದಿದ್ದರೂ ಅದರ ಹೊಲಿಗೆಗಳಲ್ಲಿ ಕೆಂಪು ಮಣ್ಣು ಉಳಿದಿತ್ತು.

"ಮಿಸ್ಟರ್ ಹಾಯ್ಟ್, ನಿಮ್ಮನ್ನ ಒಂದು ಕೇಳ್ಬೇಕು."

"ಕೇಳು ಮಗಳೇ."

"ಅಮ್ಮ ಸಿಕ್ಕಿದ್ದು ಹೊಲದಲ್ಲಿ. ಕಾಲಲ್ಲಿ ಶೂ ಇತ್ತು, ಲೇಸ್ ಕಟ್ಟಿತ್ತು. ಮಳೆಕೋಟು ಹಾಕ್ಕೊಂಡಿದ್ಲು. ಈ ಚೀಲದ ಹಿಡಿ ಮಣಿಕಟ್ಟಿಗೆ ಎರಡು ಸುತ್ತು ಸುತ್ಕೊಂಡಿದ್ಲು. ಹೊರಡೋಕೆ ಸಿದ್ಧವಾಗಿ ಬಾಗಿಲ ಹತ್ರ ಕೂತಿದ್ಲು ಅಂತ ತಾನೆ ಅರ್ಥ?"

ಹಾಯ್ಟ್ ತಲೆಯಾಡಿಸಿದ.

"ಎರಡು ಮೈಲಿ ಆಚೆ ಡ್ವೈಟ್‌ಗೆ ಕೇಳಿಸಿದ ಹಾರ್ನು ನಿಮ್ಮನೆಗೆ ರಸ್ತೆ ಎದುರಿಗೇ ಇದ್ದ ಅಮ್ಮಂಗೆ ಕೇಳಿಸ್ಲಿಲ್ಲ." ಅವಳ ದನಿಯಲ್ಲಿ ಅಳುವಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ವಿವರ ಹೇಳುವ ದನಿ ಅದು. "ಮಿಲ್ಲಿನ ಮಿಷಿನು ಅವಳ ಎಡಗಿವಿ ತಿಂದಿತ್ತು. ಬಲಗಿವೀನೂ ಮಂದವಾಗ್ತಿತ್ತು. ಕಿವಿಗೆ ಮಿಷಿನ್ ಹಾಕಿಸ್ತೀನಿ, ಕ್ರಿಸ್ಮಸ್‌ಗೆ ಬಾ ಅಂದೆ. ಆಮೇಲೆ ಈಸ್ಟರ್‌ಗೆ ಅಂದೆ. ಡ್ಯೂಟಿ ಇತ್ತು. ನಾನು ಅವಳನ್ನ ಒಂದು ದಿನ ಕರ್ಕೊಂಡು ಹೋಗಿದ್ದಿದ್ರೆ ಇವತ್ತು ಅವಳು ಇಲ್ಲಿ ಡ್ವೈಟ್‌ನ ಹೊಟ್ಟೆ ಆಡ್ಕೊಂಡು ಕೂತಿರ್ತಿದ್ಲು."

"ಅದೇನೂ ಅಲ್ಲ ಡೀಡ್ರಾ," ಎಂದ ಹಾಯ್ಟ್.

"ಸಮಾಧಾನ ಮಾಡ್ಬೇಡಿ. ಎಷ್ಟು ಸಲ ಹೊಡೆದ್ರಿ, ಅಷ್ಟೇ ಹೇಳಿ. ನಾನು ಅದನ್ನ ತಿಳ್ಕೋಬೇಕು."

ಚಹಾ ಜಗ್ಗು ಹಿಡಿದು ಇಮೊಜೀನ್ ಅವರ ಪಕ್ಕ ಬಂದು ನಿಂತಿದ್ದಳು. ಗ್ಲಾಸು ತುಂಬಿಯೇ ಇತ್ತು. ಆದರೂ ಸುರಿದಳು.

* * *

ಮಂಗಳವಾರ ನಾಲ್ಕು ಗಂಟೆ ದಾಟುತ್ತಿದ್ದಂತೆ ಸೈರನ್ ಕೂಗಿದ್ದು ಆ ದಿನದ ಮೂರನೆಯ ಸಲ. ಬೆಳಗಿನ ಎರಡೂ ಕೂಗು ಕೌಂಟಿಯ ಇನ್ನೊಂದು ತುದಿಯದ್ದಾಗಿತ್ತು. ಸಂಜೆ ನಾಲ್ಕು ಇಪ್ಪತ್ತಕ್ಕೆ ಹಾಯ್ಟ್ ವರಾಂಡದಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದ. ಒಳಗೆ ಟಿವಿಯಲ್ಲಿ ಹವಾಮಾನ ಹೇಳುವವನು ಕೋಟು ಬಿಚ್ಚಿ, ತೋಳು ಮಡಚಿ, ಗಾಳಿಯ ದಾರಿಯಲ್ಲಿದ್ದ ಊರುಗಳ ಹೆಸರು ಓದುತ್ತಿದ್ದ. ಗುಡ್ಡದ ಮೇಲೆ ಕಂಡದ್ದು ಬರೀ ಮಳೆ. ಬೆಳ್ಳಗೆ, ಉದ್ದಕ್ಕೆ, ಬಟ್ಟೆ ಒಣಹಾಕಿದ ಹಾಗೆ. ಸುಂಟರಗಾಳಿಗೆ ಬಾಲವಿರುತ್ತದೆ, ಬಾಲ ಕಂಡರೆ ಹಾರ್ನ್ ಹೊಡೆಯುವುದು ಎಂದು ಅವನ ಲೆಕ್ಕ. ಬಾಲವನ್ನು ಮಳೆ ಹೊದ್ದುಕೊಂಡೂ ಬರಬಹುದೆಂದು ಟಿವಿಯವನು ಹೇಳುತ್ತಲೇ ಇದ್ದ. ಹಾಯ್ಟ್ ಕೇಳಿಸಿಕೊಂಡಿದ್ದ, ತಲೆಗೆ ಹಾಕಿಕೊಂಡಿರಲಿಲ್ಲ.

ಆ ತಿಂಗಳು ಅವನು ಎರಡು ಸಲ ಹಾರ್ನ್ ಹೊಡೆದಿದ್ದ. ಎರಡು ಸಲವೂ ಏನೂ ಬರಲಿಲ್ಲ. ಮಂಡಿಗೆ ಆಪರೇಷನ್ ಆಗಿ ಆರು ವಾರವೂ ಆಗದ ವರ್ಲೀನ್ ಒಂಬತ್ತು ಮೆಟ್ಟಿಲನ್ನು ಕೂತುಕೊಂಡೇ ಒಂದೊಂದಾಗಿ ಇಳಿದಿದ್ದಳು. ಎರಡನೆಯ ಸಲ ಅವಳನ್ನು ಮೇಲಕ್ಕೆ ಹತ್ತಿಸುವಾಗ ಡ್ವೈಟ್, "ಹಾಯ್ಟಪ್ಪಾ, ನೀನೂ ಕೌಂಟಿ ನೌಕರಿಗೆ ಸೇರ್ಕೊಂಡ್ಯಾ?" ಎಂದು ಕಿಚಾಯಿಸಿದ್ದ. ಆ ಮಾತು ಅವನಿಗೆ ನಾಟಿತ್ತು.

ನಾಲ್ಕು ಇಪ್ಪತ್ತೆರಡಕ್ಕೆ ಫೋನ್ ಬಂತು.

"ಹಾಯ್ಟ್, ಬರ್ಲಾ? ಶೂ ಹಾಕ್ಕೊಂಡಾಯ್ತು," ಎಂದಳು ವರ್ಲೀನ್.

"ಬರೀ ಮಳೆ ಕಣೇ. ಆ ಮಂಡಿ ಇಟ್ಕೊಂಡು ಸುಮ್ನೆ ಯಾಕೆ ಇಳೀತೀಯ? ಇರು, ಹಾರ್ನ್ ಹೊಡೆದ್ರೆ ಬಾ."

"ನೀನು ಹೇಳಿದ್ ಮೇಲೆ ಸರಿ," ಎಂದು ನಕ್ಕಳು. "ಮಂಡಿ ನಿಂಗೆ ಉದ್ದಂಡ ನಮಸ್ಕಾರ ಹೇಳ್ತಿದೆ." ಫೋನಿಟ್ಟಳು.

ನಾಲ್ಕು ಇಪ್ಪತ್ತೊಂಬತ್ತಕ್ಕೆ ಗುಡ್ಡದ ಮೇಲಿನ ಬಿಳಿ ಮಳೆ ಕಪ್ಪಾಯಿತು, ರಸ್ತೆಯಾಚೆಯ ಪೈನ್ ಮರಗಳು ಒಟ್ಟಿಗೆ ಮಲಗಿದವು. ಟ್ರಕ್ಕು ಹತ್ತು ಹೆಜ್ಜೆಯಲ್ಲಿತ್ತು, ನೆಲಮಾಳಿಗೆ ಆರು ಹೆಜ್ಜೆಯಲ್ಲಿತ್ತು. ಅವನು ಬಾಗಿಲಿಗೆ ಬಂದಿದ್ದ ಇಮೊಜೀನಳ ರಟ್ಟೆ ಹಿಡಿದು ಆರು ಹೆಜ್ಜೆ ಓಡಿದ. ಕೆಳಗೆ ಕತ್ತಲಲ್ಲಿ, ಮೂಲೆಯ ಮಡಚುಕುರ್ಚಿ ಖಾಲಿಯಾಗಿ ಅವನ ಮೊಣಕಾಲಿಗೆ ತಗುಲಿತು.

* * *

"ಹೊಡೀಲಿಲ್ಲ," ಎಂದ ಹಾಯ್ಟ್.

ಡೀಡ್ರಾ ಅವನನ್ನೇ ನೋಡಿದಳು.

"ಒಂದು ಸಲಾನೂ ಹೊಡೀಲಿಲ್ಲ. ಡ್ವೈಟ್‌ಗೆ ಕೇಳಿಸಿದ್ದು ಏನೋ ನಂಗೊತ್ತಿಲ್ಲ. ನಿಮ್ಮಮ್ಮ ಫೋನ್ ಮಾಡಿದ್ಲು. ಬರ್ಲಾ ಅಂದ್ಲು. ಬೇಡ, ಹಾರ್ನ್ ಹೊಡೆದ್ರೆ ಬಾ ಅಂದೆ. ಅವಳ ಕಿವಿ ಸರಿಯಾಗೇ ಇತ್ತು. ನಾನು ಹೇಳಿದ್ದು ಒಂದೊಂದು ಮಾತೂ ಕೇಳಿಸ್ತು ಅವಳಿಗೆ."

ಇಮೊಜೀನ್ ಜಗ್ಗನ್ನು ಮೇಜಿನ ಮೇಲಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಗಂಡನ ಪಕ್ಕದ ಕುರ್ಚಿ ಎಳೆದು ಕೂತಳು.

"ಫೋನ್ ಯಾವಾಗ ಬಂತು?" ಎಂದು ಡೀಡ್ರಾ ಕೇಳಿದಳು.

"ನಾಲ್ಕು ಇಪ್ಪತ್ತೆರಡು."

"ಏಳು ನಿಮಿಷ." ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆ ಮಂಡಿ ಎಳ್ಕೊಂಡು ರಸ್ತೆ ದಾಟೋಕೆ ಅವಳಿಗೆ ನಾಲ್ಕು ಸಾಕಾಗ್ತಿತ್ತು."

ಹಾಯ್ಟ್ ತಲೆ ತಗ್ಗಿಸಲಿಲ್ಲ. ಬೈಗುಳಕ್ಕೆ ಕಾದ. ಬೈಗುಳ ಬರುವ ಮೊದಲು ಹೊರಗೆ ಸೈರನ್ ಕೂಗಿತು.

ಹಾಲಿನಲ್ಲಿ ನಲವತ್ತು ಜನರಿದ್ದರು. ಎಲ್ಲರ ಫೋನುಗಳೂ ಒಂದರ ಹಿಂದೊಂದು ಕಿರುಚಿದವು. ಯಾರೂ ಏಳಲಿಲ್ಲ. ಚಮಚಗಳು ನಿಂತವು, ಅಷ್ಟೇ. ಹೆಂಗಸೊಬ್ಬಳು ಮಗುವನ್ನು ತೊಡೆಗೆ ಎಳೆದುಕೊಂಡಳು. ಇಬ್ಬರು ಗಂಡಸರು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಹೋಗಿ ಕತ್ತೆತ್ತಿ ಮೋಡ ನೋಡಿ, "ಇಲ್ಲೇನಿಲ್ಲ, ಆ ಕಡೆದೇ ಇರ್ಬೇಕು," ಎಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಹಾಯ್ಟ್‌ನ ಮುಖ ನೋಡಿದರು.

ಬ್ರದರ್ ಕೋಲ್‌ಮನ್ ಕೂಡ ನೋಡಿದರು. ಅಂಗಳದಾಚೆ ಚರ್ಚಿನ ಕಲ್ಲಿನ ನೆಲಮಾಳಿಗೆ ಇತ್ತು. ಅದರ ಬೀಗದ ಕೈ ಅವರ ಜೇಬಿನಲ್ಲೇ ಇತ್ತು.

ಹಾಯ್ಟ್ ಎದ್ದು ನಿಂತ.

"ನನ್ನನ್ನ ನೋಡ್ಬೇಡಿ," ಎಂದ. "ಮಂಗಳವಾರ ನಾನು ಹಾರ್ನ್ ಹೊಡೀಲಿಲ್ಲ. ನಂಗೇನೂ ಗೊತ್ತಾಗಲ್ಲ. ಎದ್ದು ನಡೀರಿ, ಕೆಳಗೆ ಹೋಗಿ."

ಡ್ವೈಟ್ ಕರುಣೆಯಿಂದ ನಕ್ಕ. "ಕೂತ್ಕೋ ಹಾಯ್ಟ್. ದುಃಖದಲ್ಲಿ ಏನೇನೋ ಅನ್ನಿಸತ್ತೆ. ನಾನೇ ಕಿವಿಯಾರೆ ಕೇಳಿದೀನಲ್ಲ."

"ನಿಜ ಹೇಳ್ತಿದೀನಿ ಕಣೋ."

"ಆಯ್ತಪ್ಪ. ಹೊರಗೆ ಹೋಗಿ ಒಂದ್ ಸಲ ಆಕಾಶ ನೋಡ್ಕೊಂಡು ಬಾ. ನೀನು ಹೇಳಿದ ಹಾಗೆ ಮಾಡೋಣ."

ನಲವತ್ತು ಮುಖಗಳು ಹೌದೆಂದು ತಲೆದೂಗಿದವು. ಹಾಯ್ಟ್ ಮೇಜಿನ ಕಡೆ ತಿರುಗಿದ. ಎದುರಿನ ಕುರ್ಚಿಯಲ್ಲಿ ಡೀಡ್ರಾ ಇರಲಿಲ್ಲ. ಚೀಲವೂ ಇರಲಿಲ್ಲ.

ಆಗ ಅಂಗಳದಲ್ಲಿ ನಿಲ್ಲಿಸಿದ್ದ ಅವನ ಟ್ರಕ್ಕಿನ ಹಾರ್ನ್ ಕೇಳಿಸಿತು. ಒಂದು. ಎರಡು. ಮೂರು.

ಕುರ್ಚಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ಸರಿದವು. ಬ್ರದರ್ ಕೋಲ್‌ಮನ್ ಕೈ ಜೇಬಿಗೆ ಹೋಯಿತು, ಹೆಂಗಸರು ಮಕ್ಕಳನ್ನು ಎತ್ತಿಕೊಂಡರು, ಡ್ವೈಟ್ ಕೋಳಿಯ ತುಂಡನ್ನು ತಟ್ಟೆಗೆ ಹಾಕಿ ಎಲ್ಲರಿಗಿಂತ ಮೊದಲು ಬಾಗಿಲಲ್ಲಿದ್ದ. ಜನ ಅಂಗಳ ದಾಟಿ ಕಲ್ಲಿನ ಮೆಟ್ಟಿಲು ಇಳಿಯತೊಡಗಿದರು. ಹಾಯ್ಟ್ ಕೊನೆಯವನಾಗಿ ಹೊರಬಂದ. ಟ್ರಕ್ಕಿನೊಳಗೆ ಡೀಡ್ರಾ ಎರಡೂ ಅಂಗೈಯನ್ನು ಹಾರ್ನಿನ ಮೇಲಿಟ್ಟು ಕೂತಿದ್ದಳು, ಚೀಲದ ಹಿಡಿ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಅವಳು ಆಕಾಶ ನೋಡುತ್ತಿರಲಿಲ್ಲ. ಸ್ಮಶಾನದ ಹೊಸ ಮಣ್ಣಿನ ಕಡೆ ನೋಡುತ್ತಿದ್ದಳು. ಹಾರ್ನು ನಾಲ್ಕಾಯಿತು, ಐದಾಯಿತು, ಆಮೇಲೆ ನಿಲ್ಲಲೇ ಇಲ್ಲ.